ಎರಡು ಡಬ್ಬಿಯ ಹಿಮಗಾಡಿ

ಹಾಲಿಂಗ್‌ದಾಲ್, ನಾರ್ವೆ
6 ಸೆಪ್ಟೆಂಬರ್ 2020

ಮಾನ್ಯ ಸಿದ್ರಾಮಪ್ಪನವರಿಗೆ ನಮಸ್ಕಾರಗಳು.

ನಾನು ಪದ್ಮಿನಿ. ನಿಮ್ಮ ಮಗಳು ವೈಶಾಲಿ ಮತ್ತು ನಾನು ಡಚ್ಚರ ಊರಾದ ಟಿಲ್‌ಬರ್ಗಿನ ಒಂದೇ ಗೋದಾಮಿನ ಕಚೇರಿಯಲ್ಲಿ ಏಳು ವರ್ಷ ಎದುರುಬದುರು ಕೂತು ಕೆಲಸ ಮಾಡಿದವರು. ಕಳೆದ ವಾರ ನಿಮಗೆ ಮೂರು ಸಲ ಫೋನ್ ಮಾಡಿದವಳು ನಾನೇ. ಎರಡು ಸಲ ನೀವು ಎತ್ತಲಿಲ್ಲ. ಮೂರನೆಯ ಸಲ ಎತ್ತಿ, ನಾನು ಅರ್ಧ ಹೇಳುವಷ್ಟರಲ್ಲಿ, "ಮಷೀನಿನ ವಿಚಾರ ಫೋನಿನ್ಯಾಗ ಮಾತಾಡೂದಲ್ಲವಾ, ಕಾಗದಾ ಬರೀ" ಎಂದು ಇಟ್ಟುಬಿಟ್ಟಿರಿ. ಸೈನ್ಯದಲ್ಲಿದ್ದವರು ಹೀಗೇ ಇರಬೇಕು ಎಂದುಕೊಂಡು ಬರೆಯಲು ಕೂತಿದ್ದೇನೆ. ಕೈಯಲ್ಲಿ ಕನ್ನಡ ಬರೆದು ಎಷ್ಟೋ ಕಾಲವಾಯಿತು, ಬೆರಳು ನೋಯುತ್ತಿದೆ.

ಹೋದ ವರ್ಷ ನಾನೂ ನನ್ನ ಗಂಡ ಸುಜಯ್‌ನೂ ಕೆಲಸ ಬಿಟ್ಟು ಇಲ್ಲಿ ಬೆಟ್ಟದ ಮೇಲೆ ಆರು ಕೋಣೆಯ ಒಂದು ವಸತಿಗೃಹ ಹಿಡಿದೆವು. ನವೆಂಬರಿನಿಂದ ಮೇವರೆಗೆ ರಸ್ತೆ ಹಿಮದಲ್ಲಿ ಮುಚ್ಚಿಹೋಗುತ್ತದೆ. ಹಿಮ ತೆಗೆಯುವ ರಸ್ತೆ ನಮ್ಮಿಂದ ಒಂಬತ್ತು ಕಿಲೋಮೀಟರ್ ಕೆಳಗೆ. ಮಾರ್ಚಿನಲ್ಲಿ ಸುಜಯ್ ಮಾಡಿನ ಹಿಮ ಎಳೆಯುವಾಗ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಅದೇ ವಾರ ಗಡಿಗಳೂ ಮುಚ್ಚಿದವು, ಅತಿಥಿಗಳು ಬರುವುದೂ ನಿಂತಿತು. ನೆರೆಯವನು ಸುಜಯ್ ಅವರನ್ನು ತೆರೆದ ಜಾರುಬಂಡಿಗೆ ಕಟ್ಟಿ ಕೆಳಗೆ ಎಳೆದುಕೊಂಡು ಹೋದ. ಒಂಬತ್ತು ಕಿಲೋಮೀಟರೂ ಸುಜಯ್ ಕೂಗಿದ್ದಾರೆ. ನಾನು ಹಿಂದೆ ಕೂತಿದ್ದೆ.

ಜನವರಿಯಲ್ಲಿ ಎರಡನೆಯ ಆಪರೇಷನ್, ಆಮೇಲೆ ವಾರಕ್ಕೆರಡು ಸಲ ವ್ಯಾಯಾಮಕ್ಕೆ ಕಣಿವೆಗೆ ಇಳಿಯಬೇಕು. ಮತ್ತೆ ಆ ಬಂಡಿಯಲ್ಲಿ ಅವರನ್ನು ಕಟ್ಟಲು ನನ್ನಿಂದಾಗುವುದಿಲ್ಲ. ಮುಚ್ಚಿದ ಡಬ್ಬಿ ಇರುವ, ಚಕ್ರದ ಬದಲು ರಬ್ಬರ್ ಪಟ್ಟಿಯ ಮೇಲೆ ಓಡುವ ಹಿಮಗಾಡಿ ಬೇಕು. ಹೊಸದು ನಮ್ಮ ಕೈಗೆಟುಕುವುದಿಲ್ಲ. ಟಿಲ್‌ಬರ್ಗಿನ ಹೊರಗೆ ಯೋಸ್ ಎಂಬುವರ ಶೆಡ್ಡಿನಲ್ಲಿ ಸ್ವೀಡನ್ ಸೈನ್ಯ ಬಿಟ್ಟ 1974ರ ಎರಡು ಗಾಡಿಗಳಿವೆ. ನಾನು ಅಲ್ಲಿಗೆ ಬಂದು ಹೋದರೆ ಹತ್ತು ದಿನ ಕ್ವಾರಂಟೈನ್. ಸುಜಯ್‌ನ ಬಿಟ್ಟು ಬರುವ ಹಾಗಿಲ್ಲ. ನಾನು ಜನ್ಮದಲ್ಲಿ ಒಂದು ಸ್ಕೂಟರನ್ನೂ ಆರಿಸಿ ಕೊಂಡವಳಲ್ಲ.

ನೀವು ಅಂಟಾರ್ಟಿಕಾದಲ್ಲಿ ಒಂದು ಪೂರ್ತಿ ಚಳಿಗಾಲ ಇಂಥ ಗಾಡಿಗಳನ್ನು ರಿಪೇರಿ ಮಾಡಿದ್ದೀರಿ ಎಂದು ವೈಶಾಲಿ ಹೇಳಿದಳು. ದಯವಿಟ್ಟು ಹೋಗಿ ನೋಡುತ್ತೀರಾ? ಬೆಟ್ಟದ ಮಧ್ಯೆ ಅದು ನಿಂತುಹೋದರೆ ಚಳಿ ನಮ್ಮನ್ನು ಒಂದು ಗಂಟೆಯೂ ಉಳಿಸುವುದಿಲ್ಲ.

ಪದ್ಮಿನಿ


ದ ಹೇಗ್
17 ಸೆಪ್ಟೆಂಬರ್ 2020

ಪದ್ಮಿನಿಗೆ ಶರಣು.

ನೀನು ಎಂದೇ ಬರೆಯುತ್ತೇನೆ. ವೈಶಾಲಿಯ ವಾರಿಗೆಯವಳಿಗೆ ನೀವು ಅನ್ನಲು ನನಗೆ ಬಾಯಿ ಬರುವುದಿಲ್ಲ.

ನಾನು ಮೂರು ತಿಂಗಳಿಗೆಂದು ಫೆಬ್ರುವರಿಯಲ್ಲಿ ಬೈಲಹೊಂಗಲದಿಂದ ಬಂದವನು. ವಿಮಾನ ನಿಂತುಹೋಗಿ, ನಾನು ಬಂದು ಈಗ ಎಂಟನೇ ತಿಂಗಳು. ಮಗಳಿಗೆ ಊಟದ ಮೇಜಿನ ಮೇಲೆ ಮೀಟಿಂಗ್, ಅಳಿಯನಿಗೆ ಮಲಗುವ ಕೋಣೆಯಲ್ಲಿ ಮೀಟಿಂಗ್. ನಾನು ಬಾಯಿ ತೆರೆದರೆ ಸಾಕು, "ಅಪ್ಪಾ, ಸಾವಕಾಶ ಮಾತಾಡ್ರಿ, ಎಲ್ಲಾರಿಗೂ ಕೇಳಸ್ತದ" ಅನ್ನುತ್ತಾಳೆ. ಮೊಮ್ಮಗಳು ಶರಣ್ಯಾ ನನ್ನ ಕೂಡ ಡಚ್ಚಿನಲ್ಲೇ ಮಾತಾಡುತ್ತಾಳೆ. ಮೊದಲು ತಿರುಗಿ ಕೇಳುತ್ತಿದ್ದೆ, ಈಗ ತಲೆಯಾಡಿಸಿ ಬಿಡುತ್ತೇನೆ. ದಿನಕ್ಕೊಮ್ಮೆ ಟ್ರಾಮಿನ ಹಳಿಗುಂಟ ನಡೆದು ಇಂಡಿಯನ್ ಅಂಗಡಿ ಮುಟ್ಟಿ ಬರುವುದೇ ನನ್ನ ಡ್ಯೂಟಿ. ಸಾಕಾಗಿಹೋಗಿದೆ. ಇಂಥದರಲ್ಲಿ ಗಾಡಿ ನೋಡಿ ಬನ್ನಿ ಎಂದು ಒಬ್ಬರು ಕರೆದದ್ದು ನನಗೆ ಎಷ್ಟು ಸಂತೋಷ ಎಂದು ಬರೆದರೆ ನೀನು ನಕ್ಕುಬಿಡುತ್ತೀ.

ಮೊದಲ ಸಲ ಗಾಡಿ ಕೊಳ್ಳುವವರು ಎಲ್ಲರೂ ಬಣ್ಣ ನೋಡುತ್ತಾರೆ. ಬಣ್ಣ ಬಿಡು. ಹೊಟ್ಟೆ ನೋಡಬೇಕು, ಕೆಳಗೆ ಮಲಗಿ. ಪಟ್ಟಿಯ ರಬ್ಬರು ಮಡಿಚಿದ ಕಡೆ ಸೀಳಿದೆಯೋ ಏನೋ ನೋಡಬೇಕು. ಎಂಜಿನ್ನು ತಣ್ಣಗಿರುವಾಗಲೇ ಹಚ್ಚಿಸಬೇಕು. ನೋಡಲು ಹೋಗುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಮಾರುವವನಿಗೆ ಏನೋ ಮುಚ್ಚಿಡುವುದಿದೆ ಎಂದೇ ಅರ್ಥ.

ಇನ್ನೊಂದು. ಈ ಗಾಡಿಗೆ ಎರಡು ಡಬ್ಬಿ. ಓಡಿಸುವವರು ಮುಂದೆ, ಉಳಿದವರು ಹಿಂದೆ. ಓಡುವಾಗ ಹಿಂದಿನವರು ಎಷ್ಟು ಕೂಗಿದರೂ ಮುಂದಿನವರಿಗೆ ಕೇಳುವುದಿಲ್ಲ. ಅಂಟಾರ್ಟಿಕಾದಲ್ಲಿ ನಾವು ಹಗ್ಗ ಕಟ್ಟಿ ಮುಂದೆ ಗಂಟೆ ತೂಗಿಹಾಕಿದ್ದೆವು. ಅದನ್ನು ಮರೆಯಬಾರದು.

ಯೋಸ್ ಶನಿವಾರ ಬನ್ನಿ ಅಂದಿದ್ದಾನಂತೆ. ಶನಿವಾರ ಕಬ್ಬಿಣ ಕೊಳ್ಳುವುದು ನಮ್ಮಲ್ಲಿ ಇಲ್ಲ. ನೋಡುವುದಕ್ಕೆ ಅಡ್ಡಿಯಿಲ್ಲ.

ಸಿದ್ರಾಮಪ್ಪ


ಹಾಲಿಂಗ್‌ದಾಲ್
25 ಸೆಪ್ಟೆಂಬರ್ 2020

ಸಿದ್ರಾಮಪ್ಪನವರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಸುಜಯ್‌ಗೆ ಓದಿ ಹೇಳಿದೆ. ಶನಿವಾರದ ಕಬ್ಬಿಣದ ಮಾತಿಗೆ ನಕ್ಕರು. ಆಮೇಲೆ ಗೋಡೆಯ ಕಡೆ ತಿರುಗಿ, "ಯಾಕೆ ಪದ್ಮಿ ಇಷ್ಟೆಲ್ಲಾ? ಸುಮ್ನೆ ಬೀಗ ಹಾಕಿ ಟಿಲ್‌ಬರ್ಗ್‌ಗೇ ವಾಪಸ್ ಹೋಗೋಣ" ಅಂದರು. ಎಲ್ಲಿಗೆ ಹೋಗುವುದು? ಇದ್ದಬದ್ದದ್ದನ್ನೆಲ್ಲ ಈ ಮನೆಗೇ ಸುರಿದಿದ್ದೇವೆ. ಇದೊಂದು ಚಳಿಗಾಲ ದಾಟಿಸುತ್ತೇನೆ, ಆಮೇಲೆ ನೀವು ಹೇಳಿದ ಹಾಗೆ ಎಂದು ಒಪ್ಪಿಸಿದ್ದೇನೆ.

ವೈಶಾಲಿ ನಿಮ್ಮ ಕಿವಿಯ ಬಗ್ಗೆ ಹೇಳಿದಳು. ರಸ್ತೆಯಲ್ಲಿ ಲಾರಿ ಹೋದರೆ ಮನೆಯೊಳಗೆ ಕೂತೇ ಅದರ ರೋಗ ಹೇಳುತ್ತಿದ್ದಿರಂತೆ, ಯೂನಿಟ್ಟಿನಲ್ಲಿ ನಿಮ್ಮನ್ನು ಡಾಕ್ಟರ್ ಎಂದೇ ಕರೆಯುತ್ತಿದ್ದರಂತೆ. ಪಟ್ಟಿ, ಬಣ್ಣ, ಹೊಟ್ಟೆ ಎಲ್ಲ ಫೋಟೋದಲ್ಲಾದರೂ ನೋಡಬಹುದು. ಎಂಜಿನ್ನಿನ ಸದ್ದೊಂದನ್ನು ನೀವು ಕೇಳಿ ಹೇಳಬೇಕು. ನನಗೆ ಬೇಕಾದದ್ದು ಅದೊಂದೇ.

ಪದ್ಮಿನಿ


ದ ಹೇಗ್
4 ಅಕ್ಟೋಬರ್ 2020

ಪದ್ಮಿನಿಗೆ ಶರಣು.

ನಿನ್ನೆ ಟಿಲ್‌ಬರ್ಗಿಗೆ ಹೋಗಿ ಬಂದೆ. ವೈಶಾಲಿ ಜೊತೆಗೆ ಬರುತ್ತೇನೆ ಅಂದಳು, ನಾನೇ ಬೇಡ ಅಂದೆ.

ಯೋಸ್ ಅರವತ್ತರ ಹತ್ತಿರದವನು, ಗಟ್ಟಿ ಆಳು. ಹೆಂಡತಿಯ ಶ್ವಾಸಕೋಶ ಕೆಟ್ಟಿದೆ ಎಂದು ವೈಶಾಲಿ ಮೊದಲೇ ಹೇಳಿದ್ದಳು, ಅದಕ್ಕೇ ಶೆಡ್ಡಿನ ಬಾಗಿಲಿಗೆ ದೊಡ್ಡ ಕಾಗದ ಅಂಟಿಸಿದ್ದಾನೆ: ಒಂದೂವರೆ ಮೀಟರ್ ದೂರ, ಮಾಸ್ಕ್ ತೆಗೆಯಕೂಡದು. ಅವನೂ ಮಾಸ್ಕಿನೊಳಗಿಂದಲೇ ಮಾತಾಡಿದ. ಡಚ್ಚರ ಇಂಗ್ಲಿಷು ನನಗೆ ಅರ್ಥವಾಗಲಿಲ್ಲ. ಇರಲಿ, ಗಾಡಿ ನೋಡಲು ಮಾತು ಯಾಕೆ ಬೇಕು?

ಕೆಂಪು ಗಾಡಿಗೆ ಹೊಸ ಬಣ್ಣ ಬಳಿದಿದ್ದಾರೆ. ಕೆಳಗೆ ಮಲಗಿ ನೋಡಿದೆ. ಎರಡು ಡಬ್ಬಿ ಕೂಡುವ ಕೀಲಿನ ಹತ್ತಿರ ತಳವೆಲ್ಲ ತುಕ್ಕು ಹಿಡಿದು, ಮೇಲೆ ತೇಪೆ ಬೆಸೆದಿದ್ದಾರೆ. ಬೆರಳಿನಿಂದ ಒತ್ತಿದರೆ ಪುಡಿ ಉದುರಿತು. ಅದು ಬೇಡವೇ ಬೇಡ.

ಹಸಿರು ಗಾಡಿ ನೋಡಲು ಕೊಳಕು, ಆದರೆ ಮೈ ಗಟ್ಟಿ. ಪಟ್ಟಿಗಳು ನಾಲ್ಕೂ ಚೆನ್ನಾಗಿವೆ, ರಬ್ಬರು ಮೆತ್ತಗಿದೆ, ಒಳಗಿನ ತಂತಿ ಎಲ್ಲೂ ಹೊರಗೆ ಬಂದಿಲ್ಲ. ಅಡ್ಡಪಟ್ಟಿಗಳನ್ನು ಒಂದೊಂದೇ ಮುಟ್ಟಿ ನೋಡಿದೆ, ಎರಡು ಬದಲಾಯಿಸಬೇಕು. ಕೀಲು ಸಡಿಲವಿಲ್ಲ. ಹಿಂದಿನ ಡಬ್ಬಿಯ ಬೆಂಚಿನ ಮೇಲೆ ನಾನೇ ಕಾಲು ಚಾಚಿ ಮಲಗಿ ನೋಡಿದೆ. ನನಗಿಂತ ಗೇಣುದ್ದ ಹೆಚ್ಚಿನವರೂ ಮಲಗಬಹುದು. ಬಿಸಿಗಾಳಿಯ ಕೊಳವೆ ಅಲ್ಲಿಯ ತನಕ ಬರುತ್ತದೆ. ಬಾಗಿಲಿನ ರಬ್ಬರು ಹೋಗಿದೆ, ಅದನ್ನು ಹಾಕಿಕೊಡಲು ಹೇಳು.

ಎಂಜಿನ್ನು ತಣ್ಣಗಿತ್ತು. ಒಂದೇ ಸಲಕ್ಕೆ ಹತ್ತಿತು. ಸದ್ದು ಸರಿ ಇದೆ.

ತೆಗೆದುಕೊಳ್ಳಬಹುದು.

ಸಿದ್ರಾಮಪ್ಪ


ಹಾಲಿಂಗ್‌ದಾಲ್
13 ಅಕ್ಟೋಬರ್ 2020

ಪೂಜ್ಯರಿಗೆ ನಮಸ್ಕಾರಗಳು.

ಏಳು ತಿಂಗಳಲ್ಲಿ ಮೊದಲ ಸಲ ನಿರಾಳವಾಗಿ ಉಸಿರಾಡಿದೆ. ನೀವು ಬೆಂಚಿನ ಮೇಲೆ ಮಲಗಿ ನೋಡಿದಿರಿ ಎಂದು ಓದಿದಾಗ ಸುಜಯ್ ಕಣ್ಣು ಒರೆಸಿಕೊಂಡರು, ಅವರು ಅಂಥವರಲ್ಲ.

ಯೋಸ್‌ಗೆ ಹಸಿರು ಗಾಡಿಯೇ ನಮ್ಮದು ಎಂದು ಬರೆದೆ. ಲಾರಿ ನವೆಂಬರ್ ಒಂಬತ್ತಕ್ಕೆ. ನೀವು ಪಟ್ಟಿಯ ಬಗ್ಗೆ ಅರ್ಧ ಪುಟ ಬರೆದು ಎಂಜಿನ್ನಿಗೆ ಒಂದೇ ಸಾಲು ಬರೆದದ್ದು ನೋಡಿ ಸುಜಯ್, "ನೋಡು, ಗೊತ್ತಿರೋರು ಜಾಸ್ತಿ ಮಾತಾಡಲ್ಲ" ಅಂದರು. ನಿಜ. ನೀವು ಕೇಳಿದ ಮೇಲೆ ನಾನು ಇನ್ನೇನೂ ಕೇಳುವುದಿಲ್ಲ.

ಪದ್ಮಿನಿ


ದ ಹೇಗ್
20 ಅಕ್ಟೋಬರ್ 2020

ಪದ್ಮಿನಿಯವರಿಗೆ.

ಆ ಗಾಡಿ ತರಿಸಬೇಡಿ. ಮೊದಲು ಅದನ್ನು ಬರೆದುಬಿಡುತ್ತೇನೆ, ಕಾರಣ ಆಮೇಲೆ.

ಅದರ ಎಂಜಿನ್ನಿನ ಸದ್ದು ನಾನು ಕೇಳಲಿಲ್ಲ. ಹತ್ತಿದ್ದು ಗೊತ್ತಾಯಿತು, ನೆಲ ಅದುರಿತು, ಹೊಗೆ ಬಂತು. ಅಷ್ಟೇ. ಒಳಗೆ ಬಡಿತ ಇತ್ತೋ ಇಲ್ಲವೋ ದೇವರಾಣೆ ನನಗೆ ಗೊತ್ತಿಲ್ಲ. ನನ್ನ ಕಿವಿ ಹೋಗಿದೆ.

ಯಾವಾಗ ಹೋಯಿತೆಂದು ನನಗೇ ತಿಳಿಯಲಿಲ್ಲ. ಜೂನಿನಲ್ಲಿ ಟ್ರಾಮಿನಲ್ಲಿ ಎಲ್ಲರೂ ಮಾಸ್ಕ್ ಹಾಕಿದರಲ್ಲ, ಅವತ್ತಿನಿಂದ ಜನರ ಮಾತು ನಿಂತುಹೋಯಿತು. ಟಿಕೆಟ್ ನೋಡುವವಳು ಏನೋ ಕೇಳಿದಳು, ಕಣ್ಣು ಮಾತ್ರ ಕಾಣುತ್ತಿತ್ತು, ಮಾತು ಬರಲೇ ಇಲ್ಲ. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ಲೆಕ್ಕ ಹಾಕಿದೆ: ವರ್ಷಗಟ್ಟಲೆ ನಾನು ಕೇಳುತ್ತಿರಲಿಲ್ಲ, ತುಟಿ ನೋಡುತ್ತಿದ್ದೆ. ನನ್ನ ಹೆಂಡತಿ ಬಸಲಿಂಗಮ್ಮ ಹೋಗಿ ಆರು ವರ್ಷ. ಅವಳು ಪ್ರತಿ ಮಾತನ್ನೂ ಎರಡನೇ ಸಲ ಜೋರಾಗಿ ಹೇಳುತ್ತಿದ್ದಳು. ಜಗಳಗಂಟಿ ಎಂದು ಬೈಯುತ್ತಿದ್ದೆ. ಅವಳು ನನ್ನ ಕಿವಿಯಾಗಿದ್ದಳು ಎಂದು ಈಗ ಗೊತ್ತಾಯಿತು.

ಮನೆಯಲ್ಲಿ ಹೇಳಲಿಲ್ಲ. ಮೊದಲೇ ಮೂಲೆಯ ಕುರ್ಚಿ. ಕಿವುಡನೂ ಆದರೆ ಇನ್ನೇನು ಉಳಿಯಿತು? ಫೋನಿನಲ್ಲಿ ಮಾತಾಡುವುದಲ್ಲ, ಕಾಗದ ಬರೀ ಎಂದು ನಿಮಗೆ ಹೇಳಿದ್ದೂ ಇದಕ್ಕೇ. ಸೈನ್ಯದ ಶಿಸ್ತೂ ಅಲ್ಲ, ಮಣ್ಣೂ ಅಲ್ಲ. ನಿಮ್ಮ ಕಾಗದ ಬಂದಾಗ ಮತ್ತೆ ಡಾಕ್ಟರ್ ಆಗುವ ಆಸೆ ಬಂತು. ಹಿಂದಿನ ಡಬ್ಬಿಯಲ್ಲಿ ಮಲಗುವ ಮನುಷ್ಯನ ಜೀವ ಇಟ್ಟು ನಾನು ಮಾನ ಉಳಿಸಿಕೊಳ್ಳಲು ಹೋದೆ. ಕೇಳಿದ ಮೇಲೆ ಇನ್ನೇನೂ ಕೇಳುವುದಿಲ್ಲ ಎಂದು ನೀವು ಬರೆದಿರಿ. ಅದನ್ನು ಓದಿದ ಮೇಲೆ ಅನ್ನ ಇಳಿಯುತ್ತಿಲ್ಲ.

ನೀನು ಎಂದು ಬರೆಯುವ ಯೋಗ್ಯತೆ ನನಗೆ ಉಳಿದಿಲ್ಲ.

ಸಿದ್ರಾಮಪ್ಪ


ಹಾಲಿಂಗ್‌ದಾಲ್
30 ಅಕ್ಟೋಬರ್ 2020

ಸಿದ್ರಾಮಪ್ಪನವರಿಗೆ,

ಲಾರಿ ನಿಲ್ಲಿಸಿದ್ದೇನೆ. ಇಲ್ಲಿ ಎರಡು ಸಲ ಹಿಮ ಬಿದ್ದಾಯಿತು.

ನಿಮಗೆ ಕೇಳುವುದಿಲ್ಲ ಎಂದು ಮೊದಲೇ ಒಂದು ಸಾಲು ಬರೆದಿದ್ದರೆ ನಾನು ಬೇರೆ ಯಾರನ್ನಾದರೂ ಹುಡುಕುತ್ತಿದ್ದೆ. ಎಂಟು ವಾರ ಹೋಯಿತು. ನಾನು ಒಂದೇ ಒಂದು ವಿಷಯ ಕೇಳಿದ್ದೆ. ಅದೊಂದರಲ್ಲೇ ನೀವು ಸುಳ್ಳು ಹೇಳಿದಿರಿ. ಸುಜಯ್‌ಗೆ ಇನ್ನೂ ಹೇಳಿಲ್ಲ. ಹೇಗೆ ಹೇಳಬೇಕೆಂದು ತಿಳಿಯದು. ನನಗೆ ಬರೆಯುವಷ್ಟು ತ್ರಾಣವಿಲ್ಲ.

ಪದ್ಮಿನಿ


ದ ಹೇಗ್
15 ನವೆಂಬರ್ 2020

ಪದ್ಮಿನಿಯವರಿಗೆ ಶರಣು.

ನೀವು ಬೈದದ್ದು ಸರಿ. ಉತ್ತರ ಕೇಳಲು ಬರೆಯುತ್ತಿಲ್ಲ, ನಡೆದದ್ದನ್ನು ತಿಳಿಸಲು ಬರೆಯುತ್ತಿದ್ದೇನೆ.

ಅಂಟಾರ್ಟಿಕಾದಲ್ಲಿ ಗಾಳಿ ಎದ್ದರೆ ಯಾರಿಗೂ ಏನೂ ಕೇಳುವುದಿಲ್ಲ, ಕಿವಿಯ ಮೇಲೆ ಎರಡು ಟೊಪ್ಪಿಗೆ ಬೇರೆ. ಅಲ್ಲಿ ನಮ್ಮ ಮೇಲಿನ ಮೆಕ್ಯಾನಿಕ್ ಕಟ್ಟಿಗೆಯ ಕೋಲಿನ ಒಂದು ತುದಿಯನ್ನು ಎಂಜಿನ್ನಿಗೆ ಒತ್ತಿ, ಇನ್ನೊಂದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದ. ಬಡಿತ ಹಲ್ಲಿನಿಂದ ತಲೆಬುರುಡೆಗೆ ಬರುತ್ತದೆ. ನನಗೂ ಕಲಿಸಿದ್ದ. ಮೂವತ್ತು ವರ್ಷದ ಮೇಲೆ ಇದು ನೆನಪಾದದ್ದು ಹಲ್ಲುಜ್ಜುವಾಗ.

ಆದರೆ ಕಚ್ಚಬೇಕಾದರೆ ಮಾಸ್ಕ್ ತೆಗೆಯಬೇಕು, ಯೋಸ್ ಬಿಡುವುದಿಲ್ಲ. ಎಕ್ಸಲರೇಟರ್ ಒತ್ತಿ ಬಿಡಲು ಇನ್ನೊಬ್ಬರು ಬೇಕು. ಹಾಗಾಗಿ ವೈಶಾಲಿಗೆ ಹೇಳಬೇಕಾಯಿತು. ಮೀಟಿಂಗ್ ಮುಗಿಯುವ ತನಕ ಕಾದು ಹೇಳಿದೆ. ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಆಮೇಲೆ, "ಅಪ್ಪಾ, ಇಲ್ಲೇ ಸಿಕ್ಕೊಂಡೀನಿ ಅಂತ ನೀವು ನಮ್ಮ ಮ್ಯಾಲೆ ಸಿಟ್ಟಾಗೀರಿ, ಅದಕ್ಕ ಮಾತಾಡ್ಸಿದ್ರೂ ಉತ್ತರಾ ಕೊಡವಲ್ರಿ ಅಂತ ತಿಳಕೊಂಡಿದ್ವಲ್ರೀ" ಎಂದು ಅತ್ತಳು. ಎಂಟು ತಿಂಗಳು ಅವರು ನನಗೆ ಹೆದರಿಕೊಂಡು, ನಾನು ಅವರಿಗೆ ಹೆದರಿಕೊಂಡು ಒಂದೇ ಮನೆಯಲ್ಲಿದ್ದೆವು.

ನಿನ್ನೆ ಅವಳೇ ಕಾರಿನಲ್ಲಿ ಕರೆದುಕೊಂಡು ಹೋದಳು. ಯೋಸ್‌ಗೆ ವಿಷಯ ತಿಳಿಸಿದಳು. ಅವನು ಗಾಡಿಯನ್ನು ಅಂಗಳಕ್ಕೆ ತಂದು ನಿಲ್ಲಿಸಿ, ಗೇಟಿನ ಆಚೆ ಹೋಗಿ ನಿಂತ. ಕೋಲಿಗೆ ಏನು ಮಾಡಿದೆ ಅನ್ನುತ್ತೀರಾ? ವೈಶಾಲಿಯ ಅತ್ತೆ ಊರಿನಿಂದ ಕಟ್ಟಿ ಕಳಿಸಿದ್ದ ಮಜ್ಜಿಗೆಯ ಕಡಗೋಲು. ಹೂವಿನಂಥ ತುದಿ ಎಂಜಿನ್ನಿನ ಮೇಲೆ, ಹಿಡಿಕೆ ನನ್ನ ಹಲ್ಲಿನಲ್ಲಿ. ನಾನು ಕೈ ಎತ್ತಿದಾಗ ವೈಶಾಲಿ ಒತ್ತಿದಳು, ಇಳಿಸಿದಾಗ ಬಿಟ್ಟಳು. ಯೋಸ್ ಆಚೆಯಿಂದ ಮೊಬೈಲಿನಲ್ಲಿ ಫೋಟೋ ಹೊಡೆಯುತ್ತಿದ್ದ.

ಮೂರನೇ ಸಿಲಿಂಡರಿನಲ್ಲಿ ಬಡಿತ ಇದೆ. ಒತ್ತುವಾಗ ಇಲ್ಲ, ಬಿಡುವಾಗ ಬರುತ್ತದೆ. ಕೆಳಗಿನ ಬೇರಿಂಗ್ ಸವೆದಿದೆ. ನಿಮ್ಮ ಚಳಿಯಲ್ಲಿ ಜನವರಿಯನ್ನು ಅದು ದಾಟುತ್ತಿರಲಿಲ್ಲ. 

ಆಮೇಲೆ ಕೆಂಪು ಗಾಡಿಗೂ ಕಚ್ಚಿ ನೋಡಿದೆ. ಅದರ ಮೈ ಕೊಳೆತಿದೆ, ಎಂಜಿನ್ನು ಮಾತ್ರ ಶುದ್ಧ. ಎರಡೂ ಒಂದೇ ಜಾತಿಯ ಗಾಡಿ. ಕೆಂಪಿನ ಎಂಜಿನ್ನನ್ನು ಹಸಿರಿಗೆ ಇಳಿಸಿಕೊಡುತ್ತೇನೆ ಎಂದು ಯೋಸ್ ತಾನೇ ಅಂದ. ಅವನಿಗೂ ಇದು ಗೊತ್ತಿರಲಿಲ್ಲ, ಹರಾಜಿನಲ್ಲಿ ಕೊಂಡವನು. ನೀವು ಬೇಡ ಅಂದರೆ ಬೇಡ.

ಸಿದ್ರಾಮಪ್ಪ


ದ ಹೇಗ್
13 ಡಿಸೆಂಬರ್ 2020

ಪದ್ಮಿನಿಯವರಿಗೆ ಶರಣು.

ನೀವು ನನಗೆ ಬರೆಯಲಿಲ್ಲ. ಯೋಸ್‌ಗೆ ಒಂದು ಸಾಲಿನ ಇಮೇಲ್ ಬಂತು: "ಅವರು ಹೇಳಿದ ಹಾಗೆ ಮಾಡಿ." ವೈಶಾಲಿಯಿಂದ ಅದನ್ನು ಮೂರು ಸಲ ಓದಿಸಿಕೊಂಡೆ.

ನಾಲ್ಕು ಶನಿವಾರ ಹೋಗಿ ಯೋಸ್‌ನ ಜೊತೆ ನಿಂತು ಎಂಜಿನ್ನು ಇಳಿಸಿದೆವು. ಶನಿವಾರದ ಕಬ್ಬಿಣದ ದೋಷ ನನ್ನ ಪಾಲಿಗೆ ಬರಲಿ. ನಿನ್ನೆ ತಣ್ಣಗಿದ್ದಾಗ ಹಚ್ಚಿಸಿ, ಒಂದು ಗಂಟೆ ಓಡಿಸಿ, ಮತ್ತೆ ಕಚ್ಚಿ ನೋಡಿದೆ. ಬಡಿತ ಇಲ್ಲ. ಇಷ್ಟನ್ನು ನನ್ನ ಹಲ್ಲಿನ ಮೇಲೆ ಆಣೆ ಇಟ್ಟು ಬರೆಯಬಲ್ಲೆ. ಸಂಜೆ ನಾಲ್ಕಕ್ಕೆ ಲಾರಿಗೆ ಹತ್ತಿಸಿದೆವು. ನಾಡಿದ್ದಿನಿಂದ ಇಲ್ಲಿ ಅಂಗಡಿಗಳೆಲ್ಲ ಮುಚ್ಚುತ್ತವಂತೆ. ಒಂದು ವಾರ ತಡವಾಗಿದ್ದರೆ ಏನಾಗುತ್ತಿತ್ತೋ.

ಬೆಟ್ಟದ ಮೇಲೆ ಯಾವ ಕಾರಣಕ್ಕೆ ನಿಂತರೂ ಎಂಜಿನ್ನು ಆರಿಸಬೇಡಿ. ಹಿಂದಿನ ಡಬ್ಬಿಯಿಂದ ಹಗ್ಗ ಎಳೆದಿದ್ದೇನೆ, ನಿಮ್ಮ ಬಲಗಿವಿಯ ಹತ್ತಿರ ಗಂಟೆ ಇದೆ. ಅದು ವೈಶಾಲಿಯ ದೇವರ ಜಗುಲಿಯದು. ಅವಳೇ ಬಿಚ್ಚಿ ಕೊಟ್ಟಳು.

ಸಿದ್ರಾಮಪ್ಪ


ಹಾಲಿಂಗ್‌ದಾಲ್
24 ಜನವರಿ 2021

ಪೂಜ್ಯ ಸಿದ್ರಾಮಪ್ಪನವರಿಗೆ ನಮಸ್ಕಾರಗಳು.

ಸುಜಯ್‌ರ ಆಪರೇಷನ್ ಹನ್ನೆರಡನೇ ತಾರೀಖಿಗೆ ಆಯಿತು. ಮೊನ್ನೆ ಮನೆಗೆ ಕರೆತಂದೆ.

ಸುಮಾರು ಮೂರು ತಿಂಗಳು ನಿಮಗೆ ಬರೆಯದೇ ಇದ್ದದ್ದು ಸಮಯ ಇಲ್ಲದೆ ಅಲ್ಲ, ಸಿಟ್ಟಿನಿಂದ. ಗಾಡಿ ಬಂದಿಳಿದ ಮೇಲೂ ಸಿಟ್ಟಿತ್ತು. ಇಪ್ಪತ್ತು ದಿನ ಒಬ್ಬಳೇ ಓಡಿಸಿ ಕಲಿತೆ. ಪ್ರತಿ ಸಲವೂ ಇವತ್ತು ನಿಲ್ಲುತ್ತದೆ, ಇವತ್ತು ನಿಲ್ಲುತ್ತದೆ ಎಂದುಕೊಂಡೇ ಹತ್ತುತ್ತಿದ್ದೆ. ಒಂದು ದಿನ ಮರದ ಸೌಟು ತಂದು ಎಂಜಿನ್ನಿಗೆ ಒತ್ತಿ ಕಚ್ಚಿಯೂ ನೋಡಿದೆ. ಹಲ್ಲು ಜುಮ್ಮೆಂದಿತು, ಬೇರೇನೂ ತಿಳಿಯಲಿಲ್ಲ.

ಮೊನ್ನೆ ಸೊನ್ನೆಗಿಂತ ಇಪ್ಪತ್ತಾರು ಡಿಗ್ರಿ ಕೆಳಗಿನ ಚಳಿ, ಗಾಳಿ ಬೇರೆ. ಐದನೇ ಕಿಲೋಮೀಟರಿನ ಹತ್ತಿರ, ಮರವೂ ಇಲ್ಲದ ಬೋಳು ಜಾಗದಲ್ಲಿ, ಕಿವಿಯ ಪಕ್ಕ ಗಂಟೆ ಹೊಡೆಯಿತು. ಹೊಲಿಗೆ ಬಿಚ್ಚಿತೋ, ಬಿಸಿಗಾಳಿ ನಿಂತಿತೋ, ಹೊಗೆ ಒಳಗೆ ನುಗ್ಗಿತೋ. ಎಂಜಿನ್ನು ಆರಿಸದೆ ಇಳಿದು, ಮೊಣಕಾಲುದ್ದ ಹಿಮದಲ್ಲಿ ಬಿದ್ದು ಎದ್ದು ಹಿಂದಿನ ಬಾಗಿಲು ತೆಗೆದೆ. ಸುಜಯ್ ಕಂಬಳಿಯೊಳಗೆ ಬೆಚ್ಚಗೆ ಮಲಗಿ ನನ್ನನ್ನೇ ನೋಡುತ್ತಿದ್ದರು.

"ಏನಾಯ್ತು?" ಅಂದೆ.

"ಏನಿಲ್ಲ ಕಣೆ. ಕೇಳ್ಸತ್ತಾ ಅಂತ ನೋಡ್ದೆ, ಅಷ್ಟೆ."

ಬಾಯಿಗೆ ಬಂದ ಹಾಗೆ ಬೈದೆ. ಬೈಯುತ್ತಲೇ ಅಳು ಬಂತು. ಮಾರ್ಚಿನಲ್ಲಿ ಒಂಬತ್ತು ಕಿಲೋಮೀಟರು ಕೂಗಿದ ಮನುಷ್ಯ ಈಗ ತಮಾಷೆಗೆ ಹಗ್ಗ ಎಳೆಯುತ್ತಿದ್ದಾರೆ. ವಾಪಸ್ ಮುಂದೆ ಬಂದು ಕೂತಾಗ ಎಂಜಿನ್ನು ಒಂದೇ ಸಮನೆ ಓಡುತ್ತಿತ್ತು. ಮನೆ ಮುಟ್ಟುವವರೆಗೆ ಇನ್ನೂ ಎರಡು ಸಲ ಗಂಟೆ ಹೊಡೆದರು. ನಾನು ನಿಲ್ಲಿಸಲಿಲ್ಲ, ಹಾರ್ನ್ ಹೊಡೆದೆ.

ನೀವು ಮೊದಲು ಬರೆದದ್ದು ಸುಳ್ಳು, ಅದು ಸುಳ್ಳೇ. ಆಮೇಲೆ ಬರೆದ ಸತ್ಯವೂ ನಿಮ್ಮದೇ. ಎರಡೂ ಸೇರಿಯೇ ಈ ಗಾಡಿ ನನ್ನ ಬಾಗಿಲಿಗೆ ಬಂದದ್ದು. ನನ್ನನ್ನು ನೀನು ಎಂದೇ ಕರೆಯಿರಿ.

ನಿಮಗೆ ಕಿವಿಯಂತ್ರ ಹಾಕಿಸಲು ವೈಶಾಲಿ ದಿನ ಗೊತ್ತು ಮಾಡಿದ್ದಾಳಂತೆ, ನೀವು ಊರಿಗೆ ಹೋದ ಮೇಲೆ ನೋಡೋಣ ಎಂದು ಮುಂದೂಡುತ್ತಿದ್ದೀರಂತೆ. ಹಾಕಿಸಿಕೊಳ್ಳಿ. ಮುಂದಿನ ಭಾನುವಾರ ಹನ್ನೊಂದು ಗಂಟೆಗೆ ನಾನು ಫೋನ್ ಮಾಡುತ್ತೇನೆ. ಎತ್ತಿ. ಯಂತ್ರ ಇನ್ನೂ ಬಂದಿರದಿದ್ದರೆ ನಾನು ಪ್ರತಿ ಮಾತನ್ನೂ ಎರಡು ಸಲ, ಜೋರಾಗಿ ಹೇಳುತ್ತೇನೆ. ಮಷೀನಿನ ವಿಚಾರ ಫೋನಿನಲ್ಲಿ ಮಾತಾಡುವುದಲ್ಲ ಎಂದು ನೀವು ಹೇಳಿದ್ದು ನೆನಪಿದೆ. ನಾನು ಮಾತಾಡಬೇಕೆಂದಿರುವುದು ಮಷೀನಿನ ವಿಚಾರ ಅಲ್ಲ.

ಪದ್ಮಿನಿ